ಶರಣಪ್ಪ ಆಡದ ಮಾತು

ಟಕ್. ಒಂದು ಉಸಿರಿನಷ್ಟು ಬಿಟ್ಟು ಇನ್ನೊಂದು — ಟಕ್. ವಯಲಿನ್ ಪೆಟ್ಟಿಗೆಯ ಎರಡು ಕೊಂಡಿಗಳು ಬಿದ್ದ ಶಬ್ದ ಅದು. ಲಿಂಗಸುಗೂರಿನ ಆ ಸಭಾಭವನದಲ್ಲಿ ಚಪ್ಪಾಳೆ ಇನ್ನೂ ಪೂರ್ತಿ ನಿಂತಿರಲಿಲ್ಲ, ಆದರೂ ನನಗೆ ಸ್ಪಷ್ಟವಾಗಿ ಕೇಳಿಸಿತು. ಆ ಪೆಟ್ಟಿಗೆ ಮತ್ತೆ ತೆರೆಯಲಿಲ್ಲ. ತೆರೆಯದ ಹಾಗೆ ಮಾಡಿದವಳು ನಾನು. ನನ್ನ ಶಿಷ್ಯೆಗೆ ಒಂದು ಸುಳ್ಳು ಹೇಳಿದೆ — ಅವಳ ಅಪ್ಪನ ಹೆಸರಿನಲ್ಲಿ. ಸಿಟ್ಟು ಬಂದು ಹೇಳಿದ್ದರೆ ಇವತ್ತು ಬರೆಯುವುದು ಸುಲಭವಿತ್ತೇನೋ. ಸಿಟ್ಟಿರಲಿಲ್ಲ. ಹೇಳಿದರೆ ಏನಾಗುತ್ತದೆ ನೋಡೋಣ ಎಂದು ಹೇಳಿದೆ. ಕ್ಯೂರಿಯಾಸಿಟಿ — ಅಷ್ಟೇ.

ನಮ್ಮ ತಾಲೂಕಿನ ಸಂಗೀತ ಸಭೆಯ ಈ ಸ್ಮರಣ ಸಂಚಿಕೆಯವರು ನನ್ನಿಂದ ಕೇಳಿದ್ದು ಬೇರೆ ಲೇಖನ. "ವಾದನದಲ್ಲಿ ಭಾವ ತರಿಸುವುದು ಹೇಗೆ, ಮೇಡಂ, ನಿಮ್ಮ ಅನುಭವದಿಂದ ನಾಲ್ಕು ಮಾತು" ಎಂದಿದ್ದರು. ಲಿಂಗಸುಗೂರಿನ ಆ ಭೀಮಪಲಾಸವನ್ನು ಈಗಲೂ ನೆನೆಸುವವರಿದ್ದಾರಂತೆ, ಅದರ ಬಗ್ಗೆಯೂ ಬರೆಯಿರಿ ಎಂದರು. ಬರೆಯುತ್ತಿದ್ದೇನೆ. ಅವರು ಬಯಸಿದ್ದು ಇದಲ್ಲ ಎಂದು ಗೊತ್ತಿದೆ.

ನಾನು ಬಳ್ಳಾರಿಯ ಕಾನ್ವೆಂಟಿನಲ್ಲಿ ಬೆಳೆದವಳು. ವಯಲಿನ್ ಮೊದಲು ಕೈಗೆ ಕೊಟ್ಟವರು ಅಲ್ಲಿಯ ಸಿಸ್ಟರ್ ಕ್ಲೆಮೆನ್ಸ್. ನಿಲ್ಲಿಸಿ, ಗದ್ದದ ಕೆಳಗೆ ಇಡಿಸಿ ಕಲಿಸಿದರು. ಆಮೇಲೆ ಧಾರವಾಡದಲ್ಲಿ ಕಾಲೇಜು ಓದುವಾಗ ಒಬ್ಬ ಗುರುಗಳು ಸಿಕ್ಕರು. ನನ್ನನ್ನು ನೋಡಿದವರೇ, "ಮೊದಲ ಕೂಡು ತಂಗೀ, ನಿಂತು ನುಡಸ್ಲಿಕ್ಕೆ ಇದೇನ್ ಬ್ಯಾಂಡ್ ಬಾಜಾ?" ಎಂದು ನೆಲದ ಮೇಲೆ ಕೂರಿಸಿದರು, ವಯಲಿನ್ನಿನ ತುದಿಯನ್ನು ಪಾದದ ಮೇಲೆ ಊರಿಸಿ ರಾಗ ಹೇಳಿಕೊಟ್ಟರು. ಎರಡನ್ನೂ ಅರ್ಧರ್ಧ ಕಲಿತೆ. ನಮ್ಮ ಯಜಮಾನರಿಗೆ ಕಾಲುವೆ ಇಲಾಖೆಯಲ್ಲಿ ನೌಕರಿ. ಸಿಂಧನೂರಿಗೆ ಬಂದೆವು, ಇಲ್ಲೇ ಉಳಿದೆವು. ನಾನು ಶಾಲೆಯಲ್ಲಿ ಇಂಗ್ಲಿಷ್ ಟೀಚರ್ ಆದೆ. ಭಾನುವಾರ ಮನೆಯಲ್ಲಿ ವಯಲಿನ್ ಪಾಠ.

ಒಂದು ವಿಚಿತ್ರ. ನಿಲ್ಲಿಸಿ ಕಲಿಸಿದವರೂ ಕೂರಿಸಿ ಕಲಿಸಿದವರೂ ನನಗೆ ಹೇಳಿದ ದೂರು ಒಂದೇ. ಸಿಸ್ಟರ್ ಪೆನ್ಸಿಲ್ಲಿನಿಂದ ಮೇಜು ಕುಟ್ಟಿ, "ವಿತ್ ಫೀಲಿಂಗ್, ಚೈಲ್ಡ್, ವಿತ್ ಫೀಲಿಂಗ್!" ಎನ್ನುತ್ತಿದ್ದರು. ಗುರುಗಳು ಎಲೆಯಡಿಕೆ ಉಗುಳಿ ಬಂದು, "ಸ್ವರ ಎಲ್ಲಾ ಅವ. ಭಾವ ಎಲ್ಲದ?" ಎಂದು ಕೇಳುತ್ತಿದ್ದರು. ಎಲ್ಲಿಂದ ತರಬೇಕೆಂದು ಮಾತ್ರ ಇಬ್ಬರೂ ಹೇಳಲಿಲ್ಲ. ಕೇಳಿದರೆ ಸಿಸ್ಟರ್ ಪ್ರಾರ್ಥನೆ ಮಾಡು ಎಂದರು. ಗುರುಗಳು, "ಬರ್ತದ, ಅದರ ಟೈಮಿಗೆ ಬರ್ತದ" ಎಂದರು. ನನಗೆ ಅದು ಬರಲೇ ಇಲ್ಲ. ಬಾರದ್ದರಿಂದಲೇ ಇರಬೇಕು, ಅದು ಎಲ್ಲಿರುತ್ತದೆ, ಹೇಗೆ ಬರುತ್ತದೆ ಎಂಬ ಕುತೂಹಲ ನನ್ನಲ್ಲಿ ಹುಳದ ಹಾಗೆ ಕೂತುಬಿಟ್ಟಿತು. ಬೇರೆಯವರಲ್ಲಾದರೂ ಅದು ಬರುವ ಗಳಿಗೆಯನ್ನು ಒಮ್ಮೆ ನೋಡಬೇಕು — ಹೂ ಬಿರಿಯುವುದನ್ನು ಕಣ್ಣೆವೆ ಮುಚ್ಚದೆ ಕಾಯುತ್ತಾರಲ್ಲ, ಹಾಗೆ.

ಆಗ ಬಂದವಳು ರೇಣುಕಾ.

ತುರ್ವಿಹಾಳದ ಹುಡುಗಿ. ಅಪ್ಪ ಶರಣಪ್ಪನದು ಗೊಬ್ಬರದ ಅಂಗಡಿ. ತಾಯಿ ತೀರಿಕೊಂಡಿದ್ದಳು, ಮನೆಯಲ್ಲಿ ಅಪ್ಪ, ಮಗಳು, ಶರಣಪ್ಪನ ಅಕ್ಕ. ರೇಣುಕಾ ನಮ್ಮ ಶಾಲೆಯಲ್ಲಿ ಓದುತ್ತಿದ್ದಳು. ವಾರ್ಷಿಕೋತ್ಸವದಲ್ಲಿ ನಾನು ನುಡಿಸಿದ್ದನ್ನು ಕೇಳಿ ಮನೆಗೆ ಹೋಗಿ ಏನು ಹೇಳಿದಳೋ, ಹದಿನೈದು ದಿನದಲ್ಲಿ ಶರಣಪ್ಪ ಹುಬ್ಬಳ್ಳಿಗೆ ಹೋಗಿ ವಯಲಿನ್ ತಂದೇಬಿಟ್ಟ. ಊರಿನವರಿಗೆ ನಗು. ಅವನ ಅಕ್ಕನಂತೂ ನನ್ನ ಮನೆಯ ಕಟ್ಟೆಯ ಮೇಲೆ ಕೂತೇ ಹೇಳಿದಳು: "ಗೊಬ್ಬರ ಮಾರಾವನ ಮಗಳು ಪಿಟೀಲು ಕುಯ್ಯಾಕತ್ಯಾಳ. ನಮ್ಮ ಎಮ್ಮಿ ಹಗ್ಗ ಹರಕೊಂಡು ಬಾಜು ಹೊಲದಾಗ ಹೊಕ್ಕೈತ್ರಿ ಮೇಡಂ, ಹಿಡಕೊಂಡು ಬರೋರು ಯಾರು, ನೀವಾ?"

ಶರಣಪ್ಪ ನಕ್ಕು ಸುಮ್ಮನಾಗುತ್ತಿದ್ದ. ಪ್ರತಿ ಭಾನುವಾರ ಮಗಳನ್ನು ಬೈಕಿನಲ್ಲಿ ಕರೆತರುತ್ತಿದ್ದ. ತಾನು ಮಾತ್ರ ಒಳಗೆ ಬರುತ್ತಿರಲಿಲ್ಲ. "ಮೈಯೆಲ್ಲಾ ಯೂರಿಯಾ ನಾತ ಹೊಡಿತೈತ್ರಿ, ನಿಮ್ಮ ಸಾರಣಿ ಮಾಡಿದ ಮನ್ಯಾಗ ಯಾಕ್ರಿ" ಎಂದು ಗೇಟಿನ ಹೊರಗೆ ಬೈಕಿನ ಮೇಲೇ ಕೂರುತ್ತಿದ್ದ. ಬಿಸಿಲಿರಲಿ, ಧೂಳಿರಲಿ. ಪಾಠ ಮುಗಿದ ಮೇಲೆ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಿದ್ದ: "ಇವತ್ತ ನುಡಿಸಿದ್ದು ಯಾವುದ್ರೀ? ಹ್ವಾದ ವಾರದ್ದಾ ಏನು ಹೊಸಾದು?"

ಮಗಳನ್ನು ಕೇಳುತ್ತಿರಲಿಲ್ಲ. ಈ ಮಾತು ನೀವು ಗಮನಿಸಬೇಕು, ಯಾಕೆಂದರೆ ನನ್ನ ಸುಳ್ಳು ನಿಂತದ್ದೇ ಇದರ ಮೇಲೆ. ರೇಣುಕಾ ದೊಡ್ಡವಳಾದಾಗಿನಿಂದ ಅಪ್ಪ ಮಗಳ ನಡುವೆ ಮುಖ ನೋಡಿ ಮಾತಾಡುವ ರೂಢಿ ತಪ್ಪಿತ್ತು. ಜಗಳವೇನಿಲ್ಲ, ಇಲ್ಲಿ ಎಷ್ಟೋ ಮನೆಗಳಲ್ಲಿ ಹಾಗೇ. ತಾಯಿ ಇದ್ದಿದ್ದರೆ ಮಾತು ಅವಳ ಮೂಲಕ ಹೋಗುತ್ತಿತ್ತು. ತಾಯಿಯಿಲ್ಲದ ಕಾರಣ ವಯಲಿನ್ನಿಗೆ ಸಂಬಂಧಪಟ್ಟ ಮಾತೆಲ್ಲ ನನ್ನ ಮೂಲಕ ಹೋಗತೊಡಗಿತು. ಬರುವ ವಾರ ಬರಲಾಗುವುದಿಲ್ಲ, ಪರೀಕ್ಷೆ ಮುಗಿಯುವ ತನಕ ಪಾಠ ಕಡಿಮೆ ಮಾಡಿ — ಎಲ್ಲ. "ನೀವಾ ಹೇಳ್ರಿ ಆಕಿಗೆ" ಎನ್ನುತ್ತಿದ್ದ ಶರಣಪ್ಪ. "ನಾ ಹೇಳಿದ್ರ ಆಕಿ ನೆಲಾ ನೋಡ್ತಾಳ, ನಾನೂ ನೆಲಾ ನೋಡ್ತೀನಿ. ಮಾತು ನೆಲದಾಗಾ ಉಳಿತೈತ್ರಿ." ನಾನು ಒಳಗೆ ಬಂದು "ನಿಮ್ಮಪ್ಪ ಹೇಳ್ಯಾರ" ಎಂದರೆ ರೇಣುಕಾ "ಹೂಂ ರೀ ಮಿಸ್" ಎನ್ನುತ್ತಿದ್ದಳು. ತಿರುಗಿ ಅಪ್ಪನನ್ನು ಕೇಳುವ ಪದ್ಧತಿ ಇರಲಿಲ್ಲ. ಕೇಳಿದರೆ ನನ್ನ ಮಾತನ್ನು ನಂಬಲಿಲ್ಲ ಎಂದಾಗುತ್ತದಲ್ಲ.

ಹುಡುಗಿಯ ಕೈ — ಅಂಥ ಕೈಯನ್ನು ನಾನು ಮತ್ತೆ ನೋಡಲಿಲ್ಲ. ಸ್ವರ ಒಂದು ಕೂದಲೆಳೆ ಆಚೀಚೆ ಆಗುತ್ತಿರಲಿಲ್ಲ. ಕಮಾನು ತಂತಿಯ ಮೇಲೆ ನೇರ, ಗೆರೆ ಎಳೆದ ಹಾಗೆ. ಟೆಕ್ನಿಕ್ ಪರ್ಫೆಕ್ಟ್. ಆದರೆ ಕೇಳುತ್ತಾ ಕೂತರೆ ಚೊಕ್ಕಟವಾಗಿ ಒಪ್ಪಿಸಿದ ಮಗ್ಗಿಯ ಹಾಗಿರುತ್ತಿತ್ತು. ಸಿಸ್ಟರ್ ಮತ್ತು ಗುರುಗಳು ನನಗೆ ಹೇಳಿದ್ದನ್ನೇ ನಾನು ಅವಳಿಗೆ ಹೇಳತೊಡಗಿದೆ. ಆದರೆ ಅವರ ಹಾಗೆ ಬರೀ ಹೇಳಿ ಬಿಡಲಾರೆ ಎಂದು ನಿಶ್ಚಯಿಸಿಕೊಂಡಿದ್ದೆ. ದಾರಿ ತೋರಿಸಬೇಕು.

ಏನೇನು ಮಾಡಿಸಲಿಲ್ಲ! ಕಮಾನು ಮುಟ್ಟುವ ಮೊದಲು ಹಾಡಿಸಿದೆ. ಒಂದು ಸ್ವರ ಹಿಡಿದು ಉಸಿರು ಮುಗಿಯುವ ತನಕ ಬಿಡಬೇಡ ಎಂದೆ. ಭೀಮಪಲಾಸದಲ್ಲಿ ಮಧ್ಯಮದಿಂದ ಕೋಮಲ ಗಾಂಧಾರಕ್ಕೆ ಜಾರಿ ಇಳಿಯುವ ಜಾಗವೊಂದಿದೆ. ಆ ರಾಗದ ಪ್ರಾಣ ಇರುವುದೇ ಆ ಇಳಿಜಾರಿನಲ್ಲಿ. ಅದೊಂದನ್ನೇ ತಿಂಗಳುಗಟ್ಟಲೆ ನುಡಿಸಿದೆವು. ಅವಳು ಇಳಿಯುತ್ತಿದ್ದಳು — ಸರಿಯಾಗಿ, ಮೆಟ್ಟಿಲು ಇಳಿದ ಹಾಗೆ.

ಒಂದು ದಿನ ತಾಳ್ಮೆ ಕಳೆದು, "ನುಡಿಸುವಾಗ ಏನಾದರೂ ದುಃಖದ ವಿಷಯ ನೆನಸಿಕೋ" ಎಂದೆ.

"ಏನ್ ನೆನಸ್ಲಿ ಮಿಸ್?"

ಹೇಳಬಾರದಿತ್ತು, ಹೇಳಿದೆ: "ನಿಮ್ಮವ್ವನ್ನ ನೆನಸು."

ಅವಳು ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಾದ ಮೇಲೆ ತುಟಿ ಅಗಲವಾಯಿತು. "ಅವ್ವನ್ನ ನೆನಸಿದ್ರ ನಗು ಬರ್ತೈತ್ರಿ ಮಿಸ್. ಅವ್ವ ಭಾಳ ನಗಸ್ತಿದ್ಲು. ನಮ್ಮ ಅತ್ತಿ ನಡಿಯೋದು ಮಾಡಿ ತೋರಸ್ತಿದ್ಲು." ಎದ್ದು ನಿಂತು ಅವಳೂ ಮಾಡಿ ತೋರಿಸಿದಳು. ತಬಲಾ ಹಿಡಿದು ಕೂತಿದ್ದ ಖಾಜಾಸಾಬ್ ನಕ್ಕು ನಕ್ಕು ಮಗ್ಗುಲಾದರು. ಖಾಜಾಸಾಬ್ ನಮ್ಮ ಓಣಿಯ ಟೇಲರ್. ಪ್ರೀತಿಗಾಗಿ ಬಂದು ಠೇಕಾ ಕೊಡುತ್ತಿದ್ದರು. "ಬಿಡ್ರಿ ಮೇಡಂ, ಈ ಹುಡುಗಿ ಅಳೋ ಪೈಕಿ ಅಲ್ಲ" ಎಂದರು.

ರೇಣುಕಾ ಕೂತು ಕಮಾನಿಗೆ ರಾಳ ತಿಕ್ಕುತ್ತ ನನ್ನನ್ನೇ ಕೇಳಿದಳು: "ಅಳು ಬಂದಾಗ ಯಾರಾರ ಕಮಾನು ಹಿಡಿತಾರೇನ್ರಿ ಮಿಸ್? ಸೆರಗು ಹಿಡಿತಾರ."

 ಆ ಮಾತನ್ನು ಒಪ್ಪಿಕೊಂಡು ಅಲ್ಲಿಗೇ ಬಿಟ್ಟಿದ್ದರೆ — ಬಿಡಲಿಲ್ಲ. ನೆನಪಿನ ದುಃಖ ಸಾಲದು, ಅದು ಹಳೆಯದಾಗಿರುತ್ತದೆ, ಹೊಸ ದುಃಖ ಬೇಕು ಎಂದು ತಲೆಯಲ್ಲಿ ಒಂದು ಥಿಯರಿ ಕಟ್ಟಿಕೊಂಡೆ.

ಲಿಂಗಸುಗೂರಿನಲ್ಲಿ ಎಳೆಯ ಕಲಾವಿದರ ಸಂಗೀತ ಸಭೆಯೊಂದು ಇತ್ತು. ಧಾರವಾಡದಿಂದ ಹಿರಿಯ ಗಾಯಕರೊಬ್ಬರು ಬಂದು ಕೇಳುವವರಿದ್ದರು. ರೇಣುಕಾಳಿಗೆ ಮಧ್ಯಾಹ್ನದ ಹೊತ್ತು ಸಿಕ್ಕಿತ್ತು, ಭೀಮಪಲಾಸದ ಹೊತ್ತು. ಕಾಲುವೆಗೆ ನೀರು ಬಿಟ್ಟಿದ್ದ ದಿನಗಳು. ಗೊಬ್ಬರದ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. "ನೀವು ಕರಕೊಂಡು ನಡೀರಿ, ನಾ ಆದ್ರ ಹಿಂದಿಂದ ಗಾಡಿ ಮ್ಯಾಲೆ ಬರ್ತೀನ್ರಿ" ಎಂದಿದ್ದ ಶರಣಪ್ಪ. ನಾನು, ರೇಣುಕಾ, ಖಾಜಾಸಾಬ್ ಬಸ್ಸಿನಲ್ಲಿ ಹೊರಟೆವು.

ಮಸ್ಕಿಯಲ್ಲಿ ಬಸ್ಸು ಚಹಾಕ್ಕೆ ನಿಂತಿತು. "ಮಸ್ಕಿ ಚಾ ಕುಡೀದಾ ಹೋದ್ರ ನನ್ನ ತಬಲಾ ಸಿಟ್ಟಾಗ್ತಾವ್ರಿ" ಎಂದು ಖಾಜಾಸಾಬ್ ಇಳಿದರು. ರೇಣುಕಾಳಿಗೆ ಕಾಗದದಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ ತಂದುಕೊಟ್ಟು ಹೋದರು. ಅವಳು ಪೆಟ್ಟಿಗೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಅದೇ ಮೇಜು ಎಂಬಂತೆ, ಮಿರ್ಚಿ ಕಡಿದು ಖಾರಕ್ಕೆ ಹಾ ಹಾ ಎಂದು ಬಾಯಿಗೆ ಗಾಳಿ ಬೀಸಿಕೊಳ್ಳುತ್ತಿದ್ದಳು. ಅಷ್ಟು ಸಂತೋಷದ ಮುಖ! ನಾನು ಅದನ್ನು ನೋಡಿದೆ. ಈ ಮುಖ ಇಟ್ಟುಕೊಂಡು ಹೋಗಿ ಮತ್ತೆ ಮಗ್ಗಿ ಒಪ್ಪಿಸುತ್ತಾಳೆ ಎಂದುಕೊಂಡೆ. ಆಮೇಲೆ —

"ರೇಣುಕಾ, ನಿಮ್ಮಪ್ಪ ಒಂದು ಮಾತು ಹೇಳ್ಯಾರ."

"ಏನ್ರಿ ಮಿಸ್?"

"ಇವತ್ತು ನುಡಿಸೋದಾ ಕಡೀದಂತ. ಇನ್ನ ವಯಲಿನ್ ಸಾಕಂತ."

ಇಷ್ಟೇ. ನನ್ನ ದನಿ ಅಲುಗಲಿಲ್ಲ. ದಿನವೂ ಹೇಳುವ ಹಾಗೇ ಹೇಳಿದೆ.

ಅವಳು ಕಡಿದ ಮಿರ್ಚಿಯನ್ನು ಕಾಗದದಲ್ಲಿ ಇಟ್ಟಳು. ಕಾಗದವನ್ನು ಮಡಚಿದಳು. ಎಣ್ಣೆ ಕೈ ತಂತಿಗೆ ತಾಗಬಾರದಲ್ಲ — ಬೆರಳುಗಳನ್ನು ಲಂಗದ ಅಂಚಿಗೆ ಮೆಲ್ಲಗೆ ಒರೆಸಿಕೊಂಡಳು. "ಹೂಂ ರೀ ಮಿಸ್" ಎಂದಳು. ಕಿಟಕಿಯ ಹೊರಗೆ ನೋಡಿದಳು. ಯಾಕೆ ಎಂದು ಕೇಳಲಿಲ್ಲ. ಅತ್ತೆಯ ಮಾತು, ಊರಿನ ನಗು, ಮದುವೆಯ ವಯಸ್ಸು — ಕಾರಣಗಳನ್ನೆಲ್ಲ ಅವಳೇ ಜೋಡಿಸಿಕೊಂಡಿರಬೇಕು. ನಾನು ಕೊಡಬೇಕಾಗಿಯೇ ಬರಲಿಲ್ಲ.

ನನ್ನ ಯೋಜನೆ ಏನಿತ್ತು ಹೇಳಿಬಿಡುತ್ತೇನೆ. ನುಡಿಸಿ ಕೆಳಗಿಳಿದ ಕೂಡಲೇ ಅವಳನ್ನು ಅಪ್ಪಿಕೊಂಡು, "ಹುಚ್ಚೀ, ಸುಳ್ಳು ಹೇಳಿದ್ದೆ!" ಎನ್ನುವುದು. ಎಲ್ಲರೂ ನಗುವುದು. ಆ ವಾಕ್ಯವನ್ನು ಬಸ್ಸಿನಲ್ಲಿ ಮನಸ್ಸಿನಲ್ಲೇ ಎರಡು ಮೂರು ಸಲ ಹೇಳಿ ನೋಡಿಕೊಂಡೆ ಕೂಡ.

ವೇದಿಕೆಯ ಮೇಲೆ ಅವಳು ಆಲಾಪ ಶುರುಮಾಡಿದಳು. ಎಂದಿನ ಹಾಗೇ — ನೇರ, ಚೊಕ್ಕ, ಒಣ. ನನಗಾದದ್ದು ಏನು ಗೊತ್ತೇ? ನಿರಾಸೆ. ಮಗುವಿನ ಎದೆಗೆ ಕಲ್ಲು ಎತ್ತಿಹಾಕಿ, ಅದು ಚೀರಲಿಲ್ಲವಲ್ಲ ಎಂದು ನಿರಾಸೆ. ಇದಕ್ಕಿಂತ ಸ್ಪಷ್ಟವಾಗಿ ಹೇಳಲು ನನಗೆ ಬರುವುದಿಲ್ಲ.

ಎಷ್ಟು ಹೊತ್ತು ಹಾಗೆ ಹೋಯಿತೋ. ಒಮ್ಮೆ ಅವಳು ತಲೆ ಎತ್ತಿದಳು, ಕಮಾನು ಒಂದು ಕ್ಷಣ ತಂತಿಯ ಮೇಲೇ ನಿಂತಿತು. ಮಧ್ಯಮದಿಂದ ಹೊರಟಳು. ಇಳಿಯಲಿಲ್ಲ — ಅಥವಾ ಇಳಿದದ್ದು ನಮಗೆ ಗೊತ್ತಾಗಲಿಲ್ಲ. ಗಾಂಧಾರದ ಹತ್ತಿರ ಹೋಗಿ, ಮುಟ್ಟದೆ, ಅಲ್ಲೇ ನಿಂತುಬಿಟ್ಟಳು. ಇಡೀ ಸಭೆ ಆ ಸ್ವರಕ್ಕಾಗಿ ಕಾಯಿತು. ಕೊಟ್ಟಳು, ಕೊಟ್ಟ ಕೂಡಲೇ ವಾಪಸು ತೆಗೆದುಕೊಂಡಳು. ನನ್ನ ಪಕ್ಕದ ಹೆಂಗಸು ಗುರುತಿಲ್ಲದ ನನ್ನ ಕೈಯನ್ನು ಹಿಡಿದುಕೊಂಡಳು. ಖಾಜಾಸಾಬ್ ತಬಲಾದ ಮೇಲೆ ಕೈ ಇಟ್ಟುಕೊಂಡು ಹುಡುಗಿಯನ್ನೇ ನೋಡುತ್ತಿದ್ದರು. ಆಲಾಪ ಮುಗಿದು ತಬಲಾ ಸೇರುವ ಗತ್ ಶುರುವಾದಾಗ ಅವರ ಮೊದಲ ಪೆಟ್ಟು ತಡವಾಗಿ ಬಿತ್ತು.

ಇದೇ, ಹೀಗೇ ಬರುತ್ತದೆ — ಎಂದುಕೊಂಡೆ. ಕಣ್ಣಲ್ಲಿ ನೀರು ಬಂದಿತ್ತು. ಆ ನೀರಿನ ಹಿಂದೆ, ಹೇಳಲು ನಾಚಿಕೆ, ಲೆಕ್ಕ ಸರಿಹೋದವಳ ಖುಷಿಯಿತ್ತು. ಮೈ ಎಕ್ಸ್‌ಪೆರಿಮೆಂಟ್ ಹ್ಯಾಡ್ ವರ್ಕ್ಡ್.

ಚಪ್ಪಾಳೆ. ಟಕ್, ಟಕ್. ನಾನು ಎದ್ದೆ, ಅವಳ ಕಡೆಗೆ ಹೋಗಲೆಂದೇ ಎದ್ದೆ. ಅಷ್ಟರಲ್ಲಿ ಧಾರವಾಡದ ಆ ಹಿರಿಯರು ಎದುರು ಬಂದು ಕೈ ಮುಗಿದರು. "ಏನ್ ಕಲಿಸೀರಿ ತಾಯಿ! ಆ ಗಾಂಧಾರ ಎಲ್ಲಿಂದ ತರಿಸಿದ್ರಿ ಆ ಕೂಸಿನ ಕೈಲೆ?" ನಾನು ನಕ್ಕೆ. "ಅದು ಸೀಕ್ರೆಟ್" ಎಂದೆ. ಸುತ್ತ ಇದ್ದವರೂ ನಕ್ಕರು. ಇನ್ನೊಬ್ಬರು ಬಂದರು, ಮತ್ತೊಬ್ಬರು ಬಂದರು. ಎಂದೂ ಯಾರೂ ನನಗೆ ಹಾಗೆ ಕೈ ಮುಗಿದಿರಲಿಲ್ಲ. ಅವರ ಭುಜದಾಚೆ, ಸಭಾಭವನದ ಹಿಂದಿನ ಬಾಗಿಲಲ್ಲಿ, ಶರಣಪ್ಪ ನಿಂತಿರುವುದು ಕಂಡಿತು. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡಿದ್ದ. ರೇಣುಕಾ ಅವನ ಹತ್ತಿರ ಹೋಗಿ ಎರಡೂ ಕೈಯಿಂದ ಪೆಟ್ಟಿಗೆಯನ್ನು ಅವನಿಗೆ ಕೊಟ್ಟಳು. ಬಗ್ಗಿ ಪಾದ ಮುಟ್ಟಿದಳು. ಅವನು ಅವಳ ತಲೆಯ ಮೇಲೆ ಕೈ ಇಟ್ಟ, ಇನ್ನೊಂದು ತೋಳಿನಲ್ಲಿ ಪೆಟ್ಟಿಗೆಯನ್ನು ಕೂಸಿನ ಹಾಗೆ ಅವಚಿಕೊಂಡ. ಅವನಿಗೆ ಅದು ಮಗಳ ನಮಸ್ಕಾರ. ಅವಳಿಗೆ ಅದು ಒಪ್ಪಿಸಿಬಿಡುವುದು. ಎರಡರ ಅರ್ಥವೂ ಗೊತ್ತಿದ್ದವಳು ಆ ಸಭೆಯಲ್ಲಿ ನಾನೊಬ್ಬಳೇ. ಒಂದು ಮಾತು ಸಾಕಿತ್ತು. ಆದರೆ ಎದುರಿಗಿದ್ದವರು ಇನ್ನೂ ಹೊಗಳುತ್ತಿದ್ದರು. ನಾನು ಬಿಡಿಸಿಕೊಂಡು ಹೊರಗೆ ಬರುವಷ್ಟರಲ್ಲಿ ಬೈಕು ಹೋಗಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಖಾಜಾಸಾಬ್ ತಬಲಾದ ಗಂಟನ್ನು ಕಾಲುಗಳ ನಡುವೆ ಇಟ್ಟುಕೊಂಡು ಕೂತರು. ಆಮೇಲೆ ಕೇಳಿದರು: "ಮಸ್ಕ್ಯಾಗ ಆ ಹುಡುಗಿಗೆ ಏನ್ ಅಂದ್ರಿ ಮೇಡಂ?"

"ಏನಿಲ್ಲ. ಯಾಕೆ?"

"ಮಿರ್ಚಿ ಅರ್ಧಾ ಬಿಟ್ಟಿದ್ಲು. ಆಕಿ ಮಿರ್ಚಿ ಬಿಡೋ ಪೈಕಿ ಅಲ್ರಿ."

ನಾನು ಕಿಟಕಿಯ ಹೊರಗೆ ನೋಡಿದೆ. ಅವರು ಮತ್ತೆಂದೂ ಕೇಳಲಿಲ್ಲ.

ಮುಂದಿನ ಭಾನುವಾರ ಗೇಟಿನ ಹೊರಗೆ ಬೈಕು ಬಂದು ನಿಂತಾಗ ನನಗೆ ಜೀವ ಬಂದ ಹಾಗಾಯಿತು. ಓಡಿಹೋದೆ. ಶರಣಪ್ಪ ಒಬ್ಬನೇ ಬಂದಿದ್ದ.

"ಒಲ್ಲೆ ಅಂತಾಳ್ರಿ ಮೇಡಂ. ಪೆಟಗಿ ಮುಟ್ಟವಲ್ಲಳು. ನಮ್ಮಕ್ಕನ ಕಡಿಂದ ಕೇಳಿಸಿದೆ, ಮನಸಿಲ್ಲ ಅಂದ್ಲಂತ. ಅವತ್ತು ಎಷ್ಟ ಚೆಂದ ನುಡಿಸಿದ್ಲು! ನಾ ತಿಳಿಯದ ಮನಷ್ಯಾ, ನನಗಾ ಎದಿ ಒಡದಂಗಾತು. ಏನಾತ್ರೀ ಆಕಿಗೆ? ನೀವೊಂದ ಮಾತು ಕೇಳಿ ನೋಡ್ರಿ. ನಿಮ್ಮ ಮಾತು ಮೀರಂಗಿಲ್ಲ ಆಕಿ."

ಇದು ದೇವರು ನನ್ನ ಕೈಗೆ ಕೊಟ್ಟ ಅವಕಾಶ. ಗೇಟಿನ ಒಳಗೆ ನಾನು, ಹೊರಗೆ ಅವನು. ಹೇಳಬೇಕಾದದ್ದು ನಾಲಿಗೆಯ ತುದಿಯಲ್ಲಿತ್ತು — ಹೇಳಿದರೆ ಈ ಮನುಷ್ಯ ನನ್ನನ್ನು ಹೇಗೆ ನೋಡುತ್ತಾನೆ? ಇವನ ಮಾತನ್ನು ನಂಬಿಕೆಯಿಂದ ಒಯ್ದು ಮುಟ್ಟಿಸುತ್ತಿದ್ದವಳು, ಇವನು ಆಡದ ಮಾತನ್ನೂ ಒಯ್ದೆ ಎಂದು ಹೇಗೆ ಹೇಳಲಿ? ಒಂದು ಕ್ಷಣ ನಾಚಿಕೆ ನುಂಗಿದ್ದರೆ ಸಾಕಿತ್ತು. ನಾನು ಅಂದದ್ದು: "ಈ ವಯಸ್ಸಿನಾಗ ಹಂಗಾ ಶರಣಪ್ಪ. ಒತ್ತಾಯ ಮಾಡಬ್ಯಾಡ್ರಿ. ತಾನಾ ಬರ್ತಾಳ."

"ನೀವಂದ್ರ ಸರಿ ಬಿಡ್ರಿ" ಎಂದು ಬೈಕು ಹತ್ತಿದ.

ಮಸ್ಕಿಯಲ್ಲಿ ಆಡಿದ್ದು ಮೂರ್ಖತನ ಎಂದು ಯಾರಾದರೂ ಕ್ಷಮಿಸಬಹುದು. ಗೇಟಿನಲ್ಲಿ ಆಡಿದ್ದಕ್ಕೆ ಆ ಹೆಸರೂ ಇಲ್ಲ.

ರೇಣುಕಾ ಟೀಚರ್ ಟ್ರೇನಿಂಗ್ ಮುಗಿಸಿದಳು, ಮಸ್ಕಿಗೆ ಮದುವೆಯಾಗಿ ಹೋದಳು, ಅಲ್ಲೇ ಒಂದು ಪ್ರಾಥಮಿಕ ಶಾಲೆಯಲ್ಲಿ ಕೆಲಸ ಸಿಕ್ಕಿತು. ಮದುವೆಗೆ ಕರೆದಿದ್ದರು; ಮೈ ಸರಿಯಿಲ್ಲ ಎಂದು ಹೇಳಿ ಕಳಿಸಿದೆ. ಕೆಲವು ವರ್ಷಗಳ ಹಿಂದೆ ಶರಣಪ್ಪ ತೀರಿಕೊಂಡ. ಸುದ್ದಿ ಅದೇ ದಿನ ಗೊತ್ತಾಯಿತು, ಹೋಗಲಿಲ್ಲ. ಇನ್ನು ಅವನ ಎದುರು ಸುಳ್ಳು ಹೇಳಬೇಕಾಗಿಲ್ಲ ಎಂಬ ಸಮಾಧಾನ ಮನಸ್ಸಿಗೆ ಬಂದಿತ್ತು — ಆ ಸಮಾಧಾನಕ್ಕೆ ನಾಚಿ ಹೋಗಲಿಲ್ಲ.

ಈ ಸಂಚಿಕೆಯವರು ಬಂದು "ಭಾವ ತರಿಸುವುದು ಹೇಗೆ" ಎಂದು ಕೇಳಿ ಹೋದ ವಾರವೇ ನಾನು ಮಸ್ಕಿಗೆ ಹೋದೆ. ಶನಿವಾರ, ಅವಳಿಗೆ ಮಧ್ಯಾಹ್ನಕ್ಕೇ ಶಾಲೆ ಬಿಡುತ್ತದೆ. ತೋಳಿನ ಮೇಲೆ ಸೀಮೆಸುಣ್ಣದ ಬಿಳಿ ಹಾಗೇ ಇತ್ತು. "ಮಿಸ್! ನೀವಾ ಬಂದೀರಿ? ಒಂದು ಫೋನ್ ಹಚ್ಚಿದ್ರ ನಾನಾ ಬರ್ತಿದ್ನೆಲ್ರಿ" ಎಂದು ಕೈ ಹಿಡಿದು ಒಳಗೆ ಕರೆದೊಯ್ದಳು. ಚಹಾ ಮಾಡಿದಳು. ಅದನ್ನು ಕುಡಿದರೆ ಮತ್ತೆ ಹೇಳಲಾರೆ ಎನ್ನಿಸಿ, ಕಪ್ಪು ಕೆಳಗಿಟ್ಟು ಹೇಳಿದೆ. ಎಲ್ಲ. ಮಸ್ಕಿಯದೂ, ಗೇಟಿನದೂ.

 ಮುಗಿದ ಮೇಲೆ ಕೇಳಿದಳು: "ಅಪ್ಪಗ ಇದು ಗೊತ್ತಿತ್ತೇನ್ರಿ?"

"ಇಲ್ಲ."

"ಒಟ್ಟಾ?"

"ಒಟ್ಟಾ ಗೊತ್ತಿರಲಿಲ್ಲ. ನೀನೇ ಬಿಟ್ಟೆ ಅಂತ ತಿಳಕೊಂಡಿದ್ದರು."

ಅವಳು ಗೋಡೆಗೆ ಒರಗಿ ಕೂತಳು.  ಆಮೇಲೆ ಮಾತಾಡಿದಳು, ನನಗೆ ಹೇಳಿದಳೋ ತನಗೋ.

"ಪ್ರತೀ ಮಾನೌಮಿಗೆ ಅಂಗಡ್ಯಾಗ ತಕ್ಕಡಿ ಪೂಜಾ ಮಾಡ್ತಿದ್ನೆಲ್ರಿ, ತಕ್ಕಡಿ ಬಾಜು ಆ ಪೆಟಗಿ ಇಡ್ತಿದ್ದ. ಕುಂಕುಮ ಹಚ್ಚಿ ನನ್ನ ಕಡೆ ನೋಡ್ತಿದ್ದ. ನಾ ಏನ್ ತಿಳಕೊಂಡಿದ್ದೆ ಗೊತ್ತೇನ್ರಿ? ಬಿಡಿಸಿದ್ದು ಮನಸಿನ್ಯಾಗ ಕೊರ್ಯಾಕತ್ತೈತಿ, ಅದಕ್ಕ ನೋಡ್ತಾನ ಅಂತ. ನಾ ಮಾರಿ ತಿರುವ್ತಿದ್ದೆ. ಸಿಟ್ಟಿಗಲ್ರಿ. ಅವಗ ನಾಚಿಕಿ ಆಗಬಾರದು ಅಂತ." ಗೋಡೆಯಿಂದ ಬೆನ್ನು ಎತ್ತಿದಳು. "ತಗಿ ಅಂತ ನೋಡ್ತಿದ್ದ. ಅಲ್ರೀ? ತಗದು ನುಡಸು ಅಂತ ನೋಡ್ತಿದ್ದ."

ನಾನು ತಲೆ ಆಡಿಸಿದೆ.

ಆಮೇಲೆ ನಾನು ಮಾಡಿದ್ದನ್ನೂ ಬರೆಯಬೇಕು, ಬಿಟ್ಟರೆ ಇದು ಪೂರ್ತಿಯಾಗುವುದಿಲ್ಲ. ಅಂಥ ಹೊತ್ತಿನಲ್ಲೂ, ಅವಳ ಮುಖ ನೋಡುತ್ತಲೇ, ನಾನು ಕೇಳಿದೆ: "ಅವತ್ತು ಆ ಗಾಂಧಾರದ ಹತ್ತಿರ... ನಿನ್ನ ಮನಸ್ಸಿನಲ್ಲಿ ಏನಿತ್ತು ರೇಣುಕಾ?" ಬಾಯಿಂದ ಬಂದುಹೋಯಿತು. ಇಷ್ಟು ವರ್ಷ ಆ ಹುಳ ಸತ್ತಿರಲಿಲ್ಲ.

ಅವಳು ನನ್ನನ್ನು ನೋಡಿದಳು. ಮೊದಲ ಸಲ ನೋಡಿದ ಹಾಗೆ.

"ಅಪ್ಪ ಒಳಗ ಬಂದು ನಿಂತಿದ್ದು ಕಂಡೆ. ಯಾವತ್ತೂ ಹೊರಗ ಕುಂತವ ಒಳಗ ಬಂದಿದ್ದ. ಅಷ್ಟಾ ರೀ."

ಕಡೆಯ ಸಲವೆಂದು ಬಂದಿದ್ದಾನೆ ಎಂದುಕೊಂಡು ಹಾಗೆ ನುಡಿಸಿದಳೇ? ಬರೀ ಬಂದನೆಂಬುದಕ್ಕೇ ನುಡಿಸಿದಳೇ? ಬರೀ ಬಂದದ್ದಕ್ಕಾದರೆ, ನನ್ನ ಸುಳ್ಳು ಯಾತಕ್ಕೂ ಬೇಕಾಗಿರಲಿಲ್ಲ; ಒಂದು ಭಾನುವಾರ ಗೇಟು ತೆಗೆದು, "ಒಳಗೆ ಬಂದು ಕೂತು ಕೇಳಿ ಶರಣಪ್ಪ" ಎಂದಿದ್ದರೆ... ಈ ಪ್ರಶ್ನೆಯೂ ತುಟಿಯ ತನಕ ಬಂತು. ಅವಳಿಗೆ ಗೊತ್ತಾಯಿತೇನೋ. "ಇನ್ನೇನರ ಕೇಳೋದೈತೇನ್ರಿ ಮಿಸ್?" ಎಂದಳು. ಒರಟಾಗಿ ಅಲ್ಲ. ಶಾಲೆಯಲ್ಲಿ ಮಕ್ಕಳನ್ನು ಕೇಳುವ ಹಾಗೆ.

"ಇಲ್ಲ" ಎಂದೆ. ಇನ್ನು ಕೇಳುವುದಿಲ್ಲ. ತಿಳಿದುಕೊಳ್ಳುವ ಹಕ್ಕು ನನಗಿಲ್ಲ, ತಿಳಿಯದೆಯೇ ಸಾಯುತ್ತೇನೆ. ಅದನ್ನು ಅಂದೇ ನಿಶ್ಚಯಿಸಿದೆ.

"ನನಗ ಹೇಳಿದ್ರಿ" ಎಂದಳು ಅವಳು. "ಅಪ್ಪಗ ಯಾರ ಹೇಳ್ಬೇಕು?"

ಅವನಿಗೆ ಹೇಳಲು ಇನ್ನು ದಾರಿಯಿಲ್ಲ. ಅವನ ಊರಿನವರಿಗಾದರೂ ಹೇಳುತ್ತೇನೆ. ತುರ್ವಿಹಾಳದವರೇ, ಗೊಬ್ಬರದ ಅಂಗಡಿಯ ಶರಣಪ್ಪನನ್ನು ಬಲ್ಲವರೇ — ಮಗಳ ಕೈಯಿಂದ ವಯಲಿನ್ ಬಿಡಿಸಿದ್ದು ಅವನಲ್ಲ. ಅಪ್ಪ ಹುಬ್ಬಳ್ಳಿಗೆ ಹೋಗಿ ತಂದದ್ದನ್ನು ಬೇಸರ ಬಂದು ಮೂಲೆಗೆ ಹಾಕಿದ ಮಗಳೂ ಅವಳಲ್ಲ. ಅವನು ಆ ಮಾತು ಆಡಿರಲಿಲ್ಲ. ಆಡಿದವಳು ನಾನು. ಈ ಸಂಚಿಕೆಯಲ್ಲಿ ನನ್ನ ಹೆಸರಿನ ಮುಂದೆ ಗುರು ಎಂದು ಅಚ್ಚು ಮಾಡಬೇಡಿ ಎಂದು ಕೇಳಿಕೊಂಡಿದ್ದೇನೆ.

ನಾನು ಹೊರಟಾಗ ಅವಳು ಚಪ್ಪಲಿ ಮೆಟ್ಟಿ ಜೊತೆಗೆ ಬಂದಳು. ಬೇಡ ಎಂದೆ. "ಮನಿಗೆ ಬಂದವರ್ನ ಬಸ್ ಹತ್ತಸದಾ ಹ್ಯಾಂಗ ಕಳಸಬೇಕ್ರಿ" ಎಂದು ನನಗಿಂತ ಒಂದು ಹೆಜ್ಜೆ ಮುಂದೆ ನಡೆದಳು. ಸಿಂಧನೂರಿನ ಬಸ್ಸು ತುಂಬಿಕೊಂಡೇ ಬಂತು. ಜನ ಬಾಗಿಲಿಗೆ ಮುಗಿಬಿದ್ದರು. ಅವಳು ಕಿಟಕಿಯ ಹತ್ತಿರ ಓಡಿಹೋಗಿ, ತುದಿಗಾಲಲ್ಲಿ ನಿಂತು, ಒಳಗೆ ಕೈ ಹಾಕಿ ತನ್ನ ಕರ್ಚೀಫನ್ನು ಯಾರೋ ಇಳಿಯಲು ಎದ್ದು ಆಗಷ್ಟೇ ಖಾಲಿಯಾದ ಸೀಟಿನ ಮೇಲೆ ಹಾಸಿದಳು. "ಅಣ್ಣಾರ, ವಯಸ್ಸಾದವರು ಅದಾರ, ಅದು ಅವರ ಸೀಟು" ಎಂದು ಒಳಗಿದ್ದವರಿಗೆ ಕೂಗಿದಳು. ನನ್ನ ಮೊಣಕೈ ಹಿಡಿದು ಮೆಟ್ಟಿಲು ಹತ್ತಿಸಿದಳು. ನಾನು ನುಗ್ಗಿಕೊಂಡು ಹೋಗಿ ಕೂತು ಕರ್ಚೀಫನ್ನು ಕಿಟಕಿಯಿಂದ ಚಾಚಿದೆ. ಅವಳು ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ ಬ್ಲೌಸಿನಲ್ಲಿ ಸಿಕ್ಕಿಸಿದಳು. ನಾನು ಏನೋ ಹೇಳಲು ಬಗ್ಗಿದೆ.

ಬಸ್ಸು ಇನ್ನೂ ಹೊರಟಿರಲಿಲ್ಲ. ಅವಳು ತಿರುಗಿ ನಡೆದಳು. ಬೆನ್ನು ನೇರವಾಗಿತ್ತು, ಹೆಜ್ಜೆ ಅವಸರದ್ದಲ್ಲ. ಓಣಿಯ ತಿರುವಿನಲ್ಲಿ ಒಬ್ಬ ಮುದುಕಿ ಅವಳನ್ನು ನಿಲ್ಲಿಸಿ ಏನೋ ಕೇಳಿದಳು; ರೇಣುಕಾ ಬಗ್ಗಿ ಉತ್ತರ ಹೇಳಿ ಮುಂದೆ ಹೋದಳು. ಹಿಂದಿರುಗಿ ನೋಡಲಿಲ್ಲ.